ಜೀಪಿನ ಹೀಟರು ತಣ್ಣಗೆ ಊದಿದ್ದು

ಹಿಮಾಲಯದ ಒಂದು ಕಣಿವೆ. ಗಂಗೆ ಅಲ್ಲಿ ಇನ್ನೂ ಬೂದಿ ಬಣ್ಣದಲ್ಲೇ ಹರಿಯುತ್ತಾಳೆ. ದಂಡೆಯ ಮೇಲೆ ಕನ್ನಡದ ಗುರುಗಳೊಬ್ಬರ ಆಶ್ರಮವಿತ್ತು.

ಆಶ್ರಮಕ್ಕೆ ಒಂದು ಹಳೆಯ ಜೀಪು. ಜೀಪಿಗೆ ಒಬ್ಬ ಡ್ರೈವರು. ಬಾಗಲಕೋಟೆ ಕಡೆಯವನು, ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತನಾಗಿ ಬಂದವನು. ಹೆಸರು ಯಮನಪ್ಪ. ಆ ಪ್ರಪಾತದ ದಾರಿಯಲ್ಲಿ ಅವನ ಪಕ್ಕ ಕೂರುವವರು ಹೆಸರು ಕೇಳದಿರುವುದೇ ಒಳ್ಳೆಯದು ಎಂದು ಗುರುಗಳು ನಗುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ಅವನು ಒಬ್ಬರ ಕೂದಲೂ ಕೊಂಕದಂತೆ ಹತ್ತಿಸಿ ಇಳಿಸಿದ್ದ.

ಶಿಷ್ಯ ಚಿದಂಬರ ಬಂದು ಎರಡು ವರ್ಷವಾಗಿತ್ತು. ಮೊದಲು ಹಾಸನದಲ್ಲಿ ಕಾಲೇಜು ಮೇಷ್ಟ್ರು. ಪರೀಕ್ಷೆ ಬಂತೆಂದರೆ ನಕಲು ಹಿಡಿಯುವ ಸ್ಕ್ವಾಡಿಗೆ ಅವನೇ ಮುಂದಾಳು. ಅವನು ಕಾಲೇಜು ಬಿಟ್ಟ, ಊರು ಬಿಟ್ಟ. ಸ್ಕ್ವಾಡು ಮಾತ್ರ ಅವನನ್ನು ಬಿಡಲಿಲ್ಲ. ಯಾರ ಅಂಗಿಯ ತೋಳು ಕಂಡರೂ ಒಳಗೊಂದು ಚೀಟಿ ಇದ್ದೇ ಇದೆ ಅನಿಸುತ್ತಿತ್ತು.

ಕಾರ್ತಿಕದ ಒಂದು ಬೆಳಿಗ್ಗೆ ಅವನು ನದಿಯ ಬಂಡೆಯ ಮೇಲೆ ಕುಳಿತಿದ್ದ ಗುರುಗಳ ಹತ್ತಿರ ಬಂದ.

"ಗುರುಗಳೇ, ಜೀಪಿನ ಹೀಟರು ತಣ್ಣನೆ ಗಾಳಿ ಊದುತ್ತಿದೆ."

"ಗೊತ್ತು. ಶಿವಲೀಲಕ್ಕ ಹೇಳಿದಳು."

ಶಿವಲೀಲಕ್ಕ ಆಶ್ರಮದ ಅಡುಗೆಮನೆ ನೋಡಿಕೊಳ್ಳುವ ಹಿರಿಯಳು. ಹತ್ತು ದಿನದ ಹಿಂದೆ ಕೆಮ್ಮಿಗೆಂದು ಕೆಳಗಿನ ಪೇಟೆಯ ಡಾಕ್ಟರ ಹತ್ತಿರ ಹೋಗಿದ್ದಳು. ಬರುವಾಗ ದಾರಿಯುದ್ದಕ್ಕೂ ಹೀಟರಿನ ತಣ್ಣನೆ ಗಾಳಿ ಕುಡಿದು, ಒಂದಕ್ಕೆರಡು ಕೆಮ್ಮು ಹೊತ್ತು ಬಂದಳು. ಔಷಧಿ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ನಾಳೆ ಅವಳನ್ನು ಬಯಲಿನ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಎಂಟು ಗಂಟೆಯ ದಾರಿ. ಎದೆಗೆ ಥಂಡಿ ತಾಗಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದರು.

"ಇದು ತಾನಾಗಿ ಕೆಟ್ಟದ್ದಲ್ಲ, ಗುರುಗಳೇ. ಕೆಡಿಸಿದ್ದು."

"ಯಾರು?"

"ಯಮನಪ್ಪ."

ಗುರುಗಳು ನೀರು ನೋಡುತ್ತಲೇ ಇದ್ದರು.

ಚಿದಂಬರ ಬೆರಳು ಮಡಚುತ್ತ ಹೇಳಿದ. ಮಳೆಗಾಲದಲ್ಲಿ ಯಮನಪ್ಪ ಒಬ್ಬನೇ ಜೀಪನ್ನು ಗ್ಯಾರೇಜಿಗೆ ಒಯ್ದಿದ್ದ. ಆ ಮೆಕ್ಯಾನಿಕ್ಕು ಅವನ ಪಲ್ಟನ್ನಿನ ಗೆಳೆಯ. ಒಳ್ಳೆಯ ಸಾಮಾನು ಬಿಚ್ಚಿಕೊಂಡು ಹಾಳುಮೂಳು ಕೂರಿಸಿರಬೇಕು. ಅಷ್ಟೇ ಅಲ್ಲ, ಕೆಲವು ದಿನ ನಸುಕಿನಲ್ಲಿ ಯಮನಪ್ಪ ಜೀಪಿನ ಕೆಳಗೆ ಮಲಗಿ ಏನೋ ಮಾಡುತ್ತಿರುತ್ತಾನೆ. ಹತ್ತಿರ ಹೋದರೆ ಎದ್ದು ಕೈ ಒರೆಸಿಕೊಳ್ಳುತ್ತಾನೆ.

"ವಿಚಾರಿಸಿದೆಯಾ?"

"ಎಲ್ಲರನ್ನೂ ವಿಚಾರಿಸಿದೆ. ಶಿವಲೀಲಕ್ಕನನ್ನು ಕೇಳಿದೆ, ಹಾಲಿನವನನ್ನು ಕೇಳಿದೆ, ಸೇತುವೆ ಹತ್ತಿರದ ಚಹಾದವನನ್ನು ಕೇಳಿದೆ. ಬೇರೆ ಹೆಸರು ಹೇಳಿ ಆ ಮೆಕ್ಯಾನಿಕ್ಕಿಗೆ ಮೂರು ಸಲ ಫೋನೂ ಮಾಡಿದೆ."

ಯಮನಪ್ಪನನ್ನೊಬ್ಬನನ್ನು ಕೇಳಿರಲಿಲ್ಲ. ಸ್ಕ್ವಾಡಿನವರು ಹುಡುಗನನ್ನು ಕೇಳುವುದಿಲ್ಲ, ಸೀದಾ ಅವನ ಅಂಗಿಯ ತೋಳು ಮಡಚುತ್ತಾರೆ.

"ಏನು ಮಾಡಬೇಕು ಅಂತೀಯ?"

"ಆಶ್ರಮ ಬಿಡಿಸಬೇಕು. ನಾಳೆ ಅಕ್ಕನನ್ನು ಬಿಟ್ಟು ಹಾಗೇ ಹೋಗಲಿ."

"ಒಂಬತ್ತು ವರ್ಷ ಇದ್ದಾನಲ್ಲ, ಚಿದಂಬರ. ಅವನಿಗೆ ಇದೇ ಮನೆ."

"ಅಷ್ಟು ದಿನ ಇದ್ದದ್ದರಿಂದಲೇ ಅನುಮಾನ, ಗುರುಗಳೇ. ಒಳಗಿನದೆಲ್ಲ ತಿಳಿದಿರುತ್ತದೆ."

ಗುರುಗಳು ಅವನ ಕಡೆ ತಿರುಗಿದರು. "ಆಗಲಿ. ಆದರೆ ಹೆಸರು ಬೇಡ. 'ಹೀಟರು ಕೆಡಿಸಿದವರು ನಾಳೆ ಆಶ್ರಮ ಬಿಡಬೇಕು.' ಹೀಗೆ ಹೇಳು."

ಚಿದಂಬರ ಹೇಳಿದ. ಗಂಗೆಯ ಎದುರಿಗೆ, ಗಟ್ಟಿಯಾಗಿ.

ಹೇಳಿದ ಮೇಲೆ ಅವನಿಗೆ ಹೊಸ ಅನುಮಾನ ಹತ್ತಿತು. ಗುರುಗಳು ಹೆಸರು ಯಾಕೆ ತೆಗೆಸಿದರು? ಯಮನಪ್ಪನೂ ಇವರೂ ಮೊದಲೇ ಮಾತಾಡಿಕೊಂಡಿದ್ದಾರೆಯೇ? ಅವನು ಗುರುಗಳ ಹಿಂದೆ ಹಿಂದೆ ನಡೆದ, ಬೆನ್ನನ್ನೇ ನೋಡುತ್ತ.

ಜೀಪು ಅಂಗಳದಲ್ಲಿ ನಿಂತಿತ್ತು. ಕಟ್ಟೆಯ ಬಿಸಿಲಿನಲ್ಲಿ ಶಿವಲೀಲಕ್ಕ ಎರಡು ಶಾಲು ಹೊದ್ದು ಕೂತಿದ್ದಳು. ಯಮನಪ್ಪ ದೂರದಲ್ಲಿ ಕಟ್ಟಿಗೆ ಒಡೆಯುತ್ತಿದ್ದ.

"ಯಮನಪ್ಪ, ಗಾಡಿ ಚಾಲೂ ಮಾಡು," ಎಂದರು ಗುರುಗಳು.

ಯಮನಪ್ಪ ಕೊಡಲಿ ಇಟ್ಟು ಬಂದ. ಕೈ ಕಟ್ಟಿ ನಿಂತ.

"ಕೀಲಿ ಮಾಸ್ತರ ಕಡೆ ಐತ್ರಿ, ಅಜ್ಜಾರ. ಪಾನದ ಪೆಟಗೀನೂ ಅವರ ಖೋಲ್ಯಾಗ ಐತಿ. ಹತ್ತು ದಿನ ಆತು."

ಗುರುಗಳು ಚಿದಂಬರನನ್ನು ನೋಡಿದರು.

"ಸಾಕ್ಷಿ ನಾಶ ಮಾಡಬಾರದಲ್ಲ, ಅದಕ್ಕೆ ಎತ್ತಿಟ್ಟೆ," ಎಂದ ಚಿದಂಬರ. ಸೊಂಟದ ಗಂಟು ಬಿಚ್ಚಿ ಕೀಲಿ ಕೊಟ್ಟ. ಸ್ಪ್ಯಾನರುಗಳ ಪೆಟ್ಟಿಗೆಯನ್ನೂ ತಂದಿಟ್ಟ.

ಇಂಜಿನ್ನು ಗುರುಗುಟ್ಟಿತು. ಹೀಟರು ಹಾಕಿದರು. ಭರ್ರೆಂದು ಗಾಳಿ ಬಂತು, ಮಂಜುಗಡ್ಡೆ ಸೋಕಿ ಬಂದಂತಿತ್ತು.

"ನನಗೆ ಗಾಡಿ ಗೊತ್ತಿಲ್ಲ," ಎಂದರು ಗುರುಗಳು. "ಇದರೊಳಗೆ ಬಿಸಿ ಎಲ್ಲಿಂದ ಬರುತ್ತದೆ?"

"ಇಂಜಿನ್ನಿನಿಂದ್ರಿ. ಅದು ನೀರ ಕಾಯಸತೈತಿ. ಆ ಬಿಸಿನೀರು ಒಂದು ಪೈಪಿನಾಗ ಇಲ್ಲಿ ಡ್ಯಾಶ್‌ಬೋರ್ಡ್ ಹಿಂದ ಒಂದು ಸಣ್ಣ ಡಬ್ಬಿಗೆ ಬರತೈತಿ. ಇನ್ನೊಂದು ಪೈಪಿನಾಗ ವಾಪಸ್ ಹೋಗತೈತಿ. ಫ್ಯಾನು ಆ ಡಬ್ಬಿ ಮ್ಯಾಲಿಂದ ಗಾಳಿ ಊದತೈತ್ರಿ."

"ಹಾಗಾದರೆ ಬಿಸಿ ನಡೆಯುವ ದಾರಿಯಲ್ಲೇ ನಾವೂ ನಡೆಯೋಣ. ಎಲ್ಲಿಯವರೆಗೆ ಬಂದು ನಿಂತಿದೆ ನೋಡೋಣ. ಚಿದಂಬರ, ನೀನೇ ನೋಡು. ಯಮನಪ್ಪ ಮುಟ್ಟುವುದು ಬೇಡ."

ಚಿದಂಬರನಿಗೆ ಅದು ಹಿಡಿಸಿತು. ತೋಳು ಮೇಲೇರಿಸಿ ಹತ್ತಿರ ಹೋದ.

"ಫ್ಯಾನು?"

"ತಿರುಗುತ್ತಿದೆ. ಕಿವಿ ಹಾರಿಹೋಗುವ ಹಾಗೆ ಊದುತ್ತಿದೆ."

"ಬಿಸಿಗೆ ತಿರುಗಿಸುವ ಹಿಡಿ?"

ಚಿದಂಬರ ಹಿಡಿಯನ್ನು ಆ ಕಡೆ ಈ ಕಡೆ ಎಳೆದ. ಕೆಳಗೆ ಬಗ್ಗಿ ಅದರ ತಂತಿಯನ್ನೂ ನೋಡಿದ. "ಸರಿಯಾಗಿದೆ. ಸರಿಯಾಗಿರುವ ಹಾಗೆ ಕಾಣುತ್ತಿದೆ."

"ಇಂಜಿನ್ನು ಬಿಸಿಯಾಯಿತೋ?"

"ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದಿದೆ. ಆದರೆ ಗುರುಗಳೇ, ಮುಳ್ಳನ್ನು ತಿರುಚಿಟ್ಟಿದ್ದರೂ ಇಟ್ಟಿರಬಹುದು."

"ಬಾನೆಟ್ಟಿನ ಮೇಲೆ ಕೈ ಇಡು."

ಚಿದಂಬರ ಇಟ್ಟ, ಥಟ್ಟನೆ ತೆಗೆದ.

ಕಟ್ಟೆಯ ಮೇಲಿಂದ ಶಿವಲೀಲಕ್ಕ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ ಅವಳು ಮೊಣಕಾಲಿಗೆ ಹಣೆ ಹಚ್ಚಿದಳು. ಯಮನಪ್ಪ ಓಡಿ ಹೋಗಿ ನೀರು ಕೊಟ್ಟ.

"ಅನುಮಾನಕ್ಕ ಚಟಕಾ ಹತ್ತೂದು ಹಿಂಗ ನೋಡಪಾ, ಮಾಸ್ತರ," ಎಂದಳು ಉಸಿರು ಸಿಕ್ಕ ಮೇಲೆ. "ಲಗೂನ ಮುಗಸ್ರಿ. ನನಗ ನಾಳೆ ಹೋಗೂದೈತಿ."

ಬಾನೆಟ್ಟು ತೆರೆದರು. ಡ್ಯಾಶ್‌ಬೋರ್ಡಿನ ಗೋಡೆಯೊಳಕ್ಕೆ ಎರಡು ರಬ್ಬರ್ ಪೈಪು ಹೋಗುತ್ತಿದ್ದವು, ಅಕ್ಕಪಕ್ಕದಲ್ಲಿ.

"ಒಂದೊಂದನ್ನೇ ಮುಟ್ಟು. ಮೆಲ್ಲಗೆ," ಎಂದರು ಗುರುಗಳು.

ಚಿದಂಬರ ಮೊದಲನೆಯದನ್ನು ಮುಟ್ಟಿದ. "ಅಯ್ಯೋ, ಸುಡುತ್ತಿದೆ."

"ಇನ್ನೊಂದು?"

ಚಿದಂಬರ ಮುಟ್ಟಿದ. ಹಿಡಿದುಕೊಂಡ. ಹಿಡಿದುಕೊಂಡೇ ನಿಂತ. "ತಣ್ಣಗಿದೆ."

"ಒಳಗೆ ಹೋದ ಬಿಸಿ?"

"ಹೊರಗೆ ಬರುತ್ತಿಲ್ಲ." ಅವನ ಕಣ್ಣು ಹೊಳೆಯಿತು. "ಆ ಡಬ್ಬಿಯಲ್ಲೇ ಇದೆ! ಅದನ್ನೇ ಬದಲಾಯಿಸಿದ್ದಾರೆ. ನಾನು ಹೇಳಲಿಲ್ಲವೇ?"

ಅವನು ಯಮನಪ್ಪನ ಮುಖ ನೋಡಿದ. ಅಲ್ಲಿ ಹೆದರಿಕೆ ಕಾಣಬೇಕಿತ್ತು. ಕಾಣಲಿಲ್ಲ. ಅದೂ ಅನುಮಾನಕ್ಕೆ ಕಾರಣವಾಯಿತು. ಪಳಗಿದ ಕಳ್ಳ ಎಂದುಕೊಂಡ.

"ಡಬ್ಬಿ ಕಟ್ಟಿಕೊಂಡೈತ್ರಿ, ಅಜ್ಜಾರ," ಎಂದ ಯಮನಪ್ಪ. "ಇಂಜಿನ್ನು ಆರಲಿ. ಪೈಪು ಬಿಚ್ಚಿ ಉಲ್ಟಾ ನೀರ ಬಿಟ್ರ ಹೊರಗ ಬರತೈತಿ."

"ಏನು ಬರುತ್ತದೆ?"

"ಕಟ್ಟಿದ್ದು ಬರತೈತ್ರಿ," ಎಂದು ಯಮನಪ್ಪ ಅತ್ತ ತಿರುಗಿದ.

ಇಂಜಿನ್ನು ಆರುವವರೆಗೆ ಮೂವರೂ ಕಟ್ಟೆಯ ಮೇಲೆ ಕೂತರು. ಶಿವಲೀಲಕ್ಕ ಶುಂಠಿ ಹಾಕಿ ಇಟ್ಟಿದ್ದ ಚಹಾ ತರಿಸಿ ಕೊಟ್ಟಳು. ಚಿದಂಬರ ಕುಡಿಯಲಿಲ್ಲ. ಯಮನಪ್ಪ ಎದ್ದು ಪೈಪಿನ ಹತ್ತಿರ ಹೋಗಿ ಏನಾದರೂ ಮಾಡಿಯಾನು ಎಂದು ಕಣ್ಣು ಮಿಟುಕಿಸದೆ ಕೂತ.

ಮಧ್ಯಾಹ್ನ ಪೈಪು ಬಿಚ್ಚಿದರು. ಯಮನಪ್ಪ ಹೇಳಿಕೊಟ್ಟ, ಚಿದಂಬರ ತಿರುಪು ಸಡಿಲಿಸಿದ. ನಲ್ಲಿಯ ಪೈಪನ್ನು ತಣ್ಣಗಿದ್ದ ಬಾಯಿಗೆ ಹಚ್ಚಿ ನೀರು ಬಿಟ್ಟರು. ಇನ್ನೊಂದು ಬಾಯಿಯ ಕೆಳಗೆ ಬಕೆಟ್ಟು ಇಟ್ಟರು.

ಮೊದಲು ಏನೂ ಬರಲಿಲ್ಲ. ಆಮೇಲೆ ಒಂದು ಹನಿ. ಆಮೇಲೆ ಗಳಗಳ ಸದ್ದಾಗಿ, ಬೂದಿ ಬಣ್ಣದ ಕೆಸರು ಬಕೆಟ್ಟಿಗೆ ಬಿತ್ತು. ಬೀಳುತ್ತಲೇ ಇತ್ತು.

"ಇದೇನು?" ಎಂದರು ಗುರುಗಳು.

"ಉಸುಕ್ರಿ. ನದೀ ಉಸುಕು."

"ನದಿ ನೀರು ತುಂಬಿದ್ದಾನೆ!" ಎಂದು ಚಿದಂಬರ ಕೂಗಿದ. "ಒಳ್ಳೆಯದನ್ನೆಲ್ಲ ಗ್ಯಾರೇಜಿಗೆ ಮಾರಿಕೊಂಡು ಇದಕ್ಕೆ ನದಿ ನೀರು..."

ಅಷ್ಟು ಹೇಳಿ ಅವನು ಬಕೆಟ್ಟಿಗೆ ಕೈ ಹಾಕಿದ. ಸಾಕ್ಷಿ ಎತ್ತಿ ತೋರಿಸಬೇಕಿತ್ತು. ಕೆಸರನ್ನು ಬೆರಳಲ್ಲಿ ಉಜ್ಜಿದ. ಹಿಟ್ಟಿನಷ್ಟು ನುಣುಪು.

ಇನ್ನೊಮ್ಮೆ ಉಜ್ಜಿದ.

ಆ ನುಣುಪು ಅವನಿಗೆ ಗೊತ್ತಿತ್ತು. ದಿನಾ ಪೂಜೆಗೆ ಗಂಗೆ ತರುವ ತಾಮ್ರದ ತಂಬಿಗೆಯ ತಳದಲ್ಲಿ ಅದನ್ನೇ ಅವನು ತಿಕ್ಕಿ ತೊಳೆಯುತ್ತಿದ್ದ.

ಆ ಆಶ್ರಮದಲ್ಲಿ ಒಂದು ಪದ್ಧತಿ. ಏಕಾದಶಿಯ ಬೆಳಿಗ್ಗೆ ಜೀಪಿಗೂ ಕುಂಕುಮ, ಹೂವು, ಮೇಲೆ ನಾಲ್ಕು ಹನಿ ಗಂಗೆ. ಆ ಪೂಜೆ ಚಿದಂಬರನ ಪಾಲಿಗೆ ಬಂದಿತ್ತು. ಶ್ರಾವಣದ ಏಕಾದಶಿಯಂದು ಅವನು ರೇಡಿಯೇಟರಿನ ಮುಚ್ಚಳ ತೆಗೆದು ಮೂಸಿದ್ದ. ಒಳಗೆ ಹಸಿರು ನೀರು, ಸಿಹಿ ವಾಸನೆ. ಗ್ಯಾರೇಜಿನವರು ಶರಬತ್ತು ಸುರಿದು ಮೋಸ ಮಾಡಿದ್ದಾರೆ ಎಂದುಕೊಂಡ. ಕೆಳಗಿನ ತಿರುಪು ಸಡಿಲಿಸಿ ಅರ್ಧ ಹರಿಯಬಿಟ್ಟ. ಗಂಗೆಯನ್ನು ಮಡಿಬಟ್ಟೆಯಲ್ಲಿ ಸೋಸಿ, ಮಂತ್ರ ಹೇಳಿ ತುಂಬಿದ. ಗುರುಗಳನ್ನು ಹೊತ್ತು ತಿರುಗುವ ಗಾಡಿಯ ಹೊಟ್ಟೆಯಲ್ಲಿ ಕಲಬೆರಕೆ ಯಾಕೆ, ಗಂಗೆಯೇ ಇರಲಿ ಎಂದು. ಅಲ್ಲಿಂದೀಚೆಗೆ ಒಂದು ಏಕಾದಶಿಯನ್ನೂ ಬಿಟ್ಟಿರಲಿಲ್ಲ. ಪ್ರತಿ ಸಲ ಮತ್ತೆ ಹಸಿರು ಕಂಡರೆ, ಹಳೆಯ ಶರಬತ್ತು ಇನ್ನೂ ಉಳಿದಿದೆ ಎಂದುಕೊಳ್ಳುತ್ತಿದ್ದ. ಹೇಳಿಕೊಂಡರೆ ಪುಣ್ಯ ಕಳೆಯುತ್ತದೆಂದು ಯಾರಿಗೂ ಹೇಳಿರಲಿಲ್ಲ.

ಹಿಮಗಡ್ಡೆ ಬಂಡೆಗಳನ್ನು ಅರೆದು ತರುವ ಆ ಹಿಟ್ಟು ಯಾವ ಮಡಿಬಟ್ಟೆಗೂ ಸಿಗುವಂಥದ್ದಲ್ಲ.

"ನದಿ ಉಸುಕು ಇದರೊಳಗೆ ಹೇಗೆ ಬಂತು, ಯಮನಪ್ಪ?" ಎಂದರು ಗುರುಗಳು.

ಯಮನಪ್ಪ ನೆಲ ನೋಡಿದ. "ಬಂದದ್ದು ಬಂದೈತ್ರಿ. ತೊಳದ್ರ ಹೋಗತೈತಿ."

ಗುರುಗಳು ಚಿದಂಬರನ ಕಡೆ ತಿರುಗಿದರು. "ಗಾಡಿ ಇವನ ವಶದಲ್ಲಿದ್ದದ್ದು. ಕೆಟ್ಟದ್ದು ಹೇಗೆಂದು ಇವನು ಹೇಳುತ್ತಿಲ್ಲ. ನಿನ್ನ ಮಾತಿನಂತೆ ನಾಳೆ ಇವನು ಆಶ್ರಮ ಬಿಡಬೇಕು. ಹೇಳಲಾ?"

ಚಿದಂಬರ ಬಾಯಿ ತೆರೆದ.

ಅವನು ಗಂಗೆ ತುಂಬಿದ್ದನ್ನು ಯಾರೂ ನೋಡಿರಲಿಲ್ಲ. ಒಂದು ಗಳಿಗೆ ಸುಮ್ಮನಿದ್ದರೆ ಸಾಕಿತ್ತು. ನಾಳೆ ಈ ಹೊತ್ತಿಗೆ ಯಮನಪ್ಪ ಇರುತ್ತಿರಲಿಲ್ಲ, ತಾನು ಇರುತ್ತಿದ್ದ. ಸುಮ್ಮನಿರೋಣ ಎಂದು ಅವನಿಗೆ ನಿಜವಾಗಿಯೂ ಅನಿಸಿತು.

ಯಮನಪ್ಪ ನಲ್ಲಿಯ ಪೈಪು ಸುತ್ತುತ್ತ ಹೇಳಿದ. "ಹೋಗೂದಾದ್ರ ಹೋಗತೇನ್ರಿ, ಅಜ್ಜಾರ. ಅಕ್ಕಾರನ್ನ ದವಾಖಾನಿಗೆ ಮುಟ್ಟಿಸಿ ಹೋಗತೇನಿ. ಅಷ್ಟಕ್ಕ ಅಪ್ಪಣಿ ಕೊಡ್ರಿ. ಈ ದಾರಿ ಹೊಸಬರಿಗೆ ತ್ರಾಸ್ ಆಗತೈತಿ."

ಚಿದಂಬರನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನಾನು, ಗುರುಗಳೇ," ಎಂದ. "ಗಂಗೆ ತುಂಬಿದ್ದು ನಾನು. ಏಕಾದಶಿಗೊಂದು ಸಲ."

ಕಟ್ಟೆಯ ಮೇಲೆ ಶಿವಲೀಲಕ್ಕ ಚಹಾದ ಲೋಟ ಕೆಳಗಿಟ್ಟಳು.

ಚಿದಂಬರ ಯಮನಪ್ಪನ ಕಡೆ ನೋಡಿದ. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ರಿ. ಮೊದಲನೇ ಸಲಾನ ಗೊತ್ತಾತು. ಪ್ರತಿ ಏಕಾದಶಿ ಮರುದಿನಾ ನಸಿಕ್ಲೆ ಎದ್ದು ಆ ನೀರ ಬಸದು, ಪೈಪು ತೊಳದು, ಕೂಲಂಟಿನ ಹಸರ ನೀರ ಹಾಕತಿದ್ದೆ. ಇಲ್ಲಿ ಬರೇ ನೀರ ಇಟ್ರ ಹೆಪ್ಪಗಟ್ಟಿ ಇಂಜಿನ್ನ ಸೀಳತೈತ್ರಿ. ಈ ಸಲ ಏಕಾದಶಿ ದಿನಾನ ಅಕ್ಕಾರನ್ನ ಕರಕೊಂಡು ಹೋಗೂದು ಬಂತು. ತೊಳಿಯೂ ಮೊದಲ ಓಡಿಸಿದ್ದಕ್ಕ ಉಸುಕು ಡಬ್ಬಿಯಾಗ ಕಟ್ಟಿತ್ರಿ. ಬಂದು ತೊಳೀಬೇಕಂದ್ರ ಕೀಲಿ ನಿಮ್ಮ ಕಡೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

ಯಮನಪ್ಪ ಕೈ ಒರೆಸಿಕೊಂಡ.

"ಹೇಳಿದ್ರ ನಂಬತಿದ್ರೇನ್ರಿ, ಮಾಸ್ತರ?"

ಚಿದಂಬರನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಡಬ್ಬಿಯನ್ನು ಮತ್ತೆ ಮೂರು ಸಲ, ನೀರು ತಿಳಿಯಾಗುವವರೆಗೆ, ಅವನೇ ತೊಳೆದ. ಹಸಿರು ನೀರು ತುಂಬುವಾಗ ಯಮನಪ್ಪ ಒಳಗೆ ಸಿಕ್ಕ ಗಾಳಿ ಹೋಗಲೆಂದು ಇಂಜಿನ್ನು ಓಡಿಸುತ್ತ ಕೂತ. ಕೆಲಸ ಮುಗಿದಾಗ ಚಿದಂಬರ ಅವನ ಮುಂದೆ ಕೈ ಮುಗಿದ.

"ತಪ್ಪಾಯಿತು, ಯಮನಪ್ಪನವರೇ."

"ಆತು ಬಿಡ್ರಿ," ಎಂದು ಯಮನಪ್ಪ ಪಾನಗಳನ್ನು ಪೆಟ್ಟಿಗೆಗೆ ತುಂಬಿಕೊಂಡ.

ಮರುದಿನ ಬೆಳಿಗ್ಗೆ ಜೀಪು ಹೊರಡಲು ನಿಂತಿತ್ತು. ಶಿವಲೀಲಕ್ಕ ಮುಂದಿನ ಸೀಟಿನ ಕಿಟಕಿಯ ಪಕ್ಕ ಕೂತು ಹೀಟರಿಗೆ ಎರಡೂ ಅಂಗೈ ಒಡ್ಡಿದ್ದಳು.

"ಒಲಿ ಮುಂದ ಕುಂತಂಗ ಆಗೇತಿ ನೋಡಪಾ, ಯಮನಪ್ಪ," ಎಂದಳು. "ನಾನು ಬರೂತನಕ ಅಡಗಿಮನಿಗೆ ಯಾರನ್ನೂ ಬಿಡಬ್ಯಾಡ್ರಿ ಅಂತ ಹೇಳು."

ಚಿದಂಬರ ಬಟ್ಟೆಯ ಗಂಟು ಹಿಡಿದು ಬಂದು ಗುರುಗಳಿಗೆ ಅಡ್ಡಬಿದ್ದ.

"ಎಲ್ಲಿಗೆ?"

"ಮಾತು ಕೊಟ್ಟಿದ್ದೇನಲ್ಲ, ಗುರುಗಳೇ. ಕೆಡಿಸಿದವರು ಆಶ್ರಮ ಬಿಡಬೇಕು."

"ಹೌದು. ಗಂಗೆ ಮುಂದೆ ಆಡಿದ ಮಾತು. ಹೊರಡು."

ಇರು ಎನ್ನುತ್ತಾರೆಂದು ಅವನು ಒಳಗೊಳಗೇ ಕಾಯುತ್ತಿದ್ದ. ಎದ್ದು ಜೀಪಿನ ಕಡೆ ನಡೆದ.

"ಚಿದಂಬರ."

ಅವನು ತಿರುಗಿದ.

"ಆಸ್ಪತ್ರೆಯಲ್ಲಿ ಶಿವಲೀಲಕ್ಕನ ಜೊತೆ ಇರು. ಅವಳಿಗೆ ಹೊತ್ತುಹೊತ್ತಿಗೆ ಗಂಜಿ ಕೊಡು, ಮದ್ದು ಕೊಡು. ಎಷ್ಟು ದಿನವಾದರೂ ಸರಿ. ಅವಳು ಗುಣವಾಗಿ ಮೇಲೆ ಬರುವ ದಿನ ಅವಳ ಜೊತೆ ನೀನೂ ಬಾ."

ಚಿದಂಬರನ ಕಣ್ಣು ತುಂಬಿ ಬಂತು. ಓಡಿ ಬಂದು ಇನ್ನೊಮ್ಮೆ ಕಾಲು ಮುಟ್ಟಿದ.

"ಮುಂದೆಯೇ ಕೂತುಕೋ, ಯಮನಪ್ಪನ ಪಕ್ಕ," ಎಂದರು ಗುರುಗಳು. "ಹಿಂದೆ ಹೀಟರಿನ ಗಾಳಿ ಬರುವುದಿಲ್ಲ."

ಚಿದಂಬರ ಎರಡು ಹೆಜ್ಜೆ ಹೋದ. ನಿಂತ. ಯಮನಪ್ಪ ಸ್ಟೀರಿಂಗ್ ಹಿಡಿದು ಎದುರಿನ ಕಡಿದಾದ ದಾರಿ ನೋಡುತ್ತಿದ್ದ. ಚಿದಂಬರ ಮತ್ತೆ ಗುರುಗಳ ಹತ್ತಿರ ಬಂದು, ಸುತ್ತ ನೋಡಿ, ದನಿ ತಗ್ಗಿಸಿದ.

"ಗುರುಗಳೇ, ಅಷ್ಟು ದೊಡ್ಡ ತಪ್ಪಿಗೆ ಅವರು 'ಆತು ಬಿಡ್ರಿ' ಅಂದುಬಿಟ್ಟರು. ಒಂದೇ ಮಾತು. ಯಾರಾದರೂ ಅಷ್ಟು ಬೇಗ ಕ್ಷಮಿಸುತ್ತಾರೆಯೇ? ಮನಸ್ಸಿನಲ್ಲಿ ಇನ್ನೇನೋ ಇಟ್ಟುಕೊಂಡಿದ್ದಾರೆ ಅಂತ ನನಗೆ... ನಿಮಗೆ ಏನನಿಸುತ್ತದೆ?"

ಗುರುಗಳು ಅವನ ಹೆಗಲ ಮೇಲಿಂದ ಜಾರಿದ್ದ ಶಾಲನ್ನು ಸರಿಯಾಗಿ ಹೊದಿಸಿದರು.

"ಎಂಟು ಗಂಟೆ ದಾರಿ ಇದೆ. ಅವನನ್ನೇ ಕೇಳು."